ಔಷಧವಿದೆ, ಗಡ್ಡೆಗೆ ಮುಟ್ಟಿಸಬೇಕು: ಸಂಶೋಧನಾ ನಿಧಿಗೆ ದೇಣಿಗೆ ಕೋರಿ

ಸಹೃದಯ ದಾನಿಗಳಲ್ಲಿ ವಿನಂತಿ,

ನಮ್ಮ ವಿದ್ಯಾಸಂಸ್ಥೆಯ ಟ್ರಸ್ಟ್ ಇದುವರೆಗೆ ನಿಮ್ಮ ಮುಂದೆ ಕೈಚಾಚಿದ್ದು ಹಾಸ್ಟೆಲ್ ಕಟ್ಟಡಕ್ಕೆ, ಬಡ ಮಕ್ಕಳ ಫೀಸಿಗೆ, ಬೋರ್‌ವೆಲ್ಲಿಗೆ. ಈ ಸಲದ ಕೋರಿಕೆ ಬೇರೆ. ನಮ್ಮ ಫಾರ್ಮಸಿ ಕಾಲೇಜಿನ ಅಧ್ಯಾಪಕಿಯೊಬ್ಬರು ಕ್ಯಾನ್ಸರ್ ಔಷಧವನ್ನು ನ್ಯಾನೋ ಕಣಗಳಲ್ಲಿ ತುಂಬಿ ಗಡ್ಡೆಯವರೆಗೆ ಮುಟ್ಟಿಸುವ ಸಂಶೋಧನೆಯಲ್ಲಿ ತೊಡಗಿದ್ದಾರೆ. ಅವರ ಪ್ರಯೋಗಾಲಯಕ್ಕೆ ಎರಡು ಯಂತ್ರ ಬೇಕು. ಕಟ್ಟಡವಾಗಿದ್ದರೆ ಬಂದು ನೋಡಿ ಎನ್ನಬಹುದಿತ್ತು. ಇದನ್ನು ಬಿಡಿಸಿ ಹೇಳದೆ ದುಡ್ಡು ಕೇಳುವುದು ಸರಿಯಲ್ಲ.

ಸ್ತನ ಅಥವಾ ಅಂಡಾಶಯದ ಕ್ಯಾನ್ಸರಿಗೆ ಕೀಮೋ ತೆಗೆದುಕೊಂಡವರ ಮನೆಯಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಹೆಸರು ಕೇಳಿಯೇ ಇರುತ್ತಾರೆ. ಅಮೆರಿಕದ ಯೂ ಮರದ ತೊಗಟೆಯಿಂದ ಇದನ್ನು ಬೇರ್ಪಡಿಸಿ, 1971ರಲ್ಲಿ ಇದರ ರಚನೆಯನ್ನು ಪ್ರಕಟಿಸಿದ ತಂಡದಲ್ಲಿ ಮನ್ರೋ ವಾಲ್ ಜೊತೆಗಿದ್ದವರು ನಮ್ಮ ನೆರೆಯ ಮಹಾರಾಷ್ಟ್ರದ ನಂದುರಬಾರಿನಲ್ಲಿ ಹುಟ್ಟಿದ ಮನ್ಸುಖ್ ವಾಣಿ. ಔಷಧವೇನೋ ಪರಿಣಾಮಕಾರಿ, ಆದರೆ ನೀರಿನಲ್ಲಿ ಕರಗದು. ಕರಗದ್ದನ್ನು ರಕ್ತನಾಳಕ್ಕೆ ಬಿಡುವುದು ಹೇಗೆ? ಹರಳೆಣ್ಣೆಯಿಂದ ತಯಾರಿಸಿದ ಒಂದು ದ್ರಾವಕಕ್ಕೆ ಆಲ್ಕೋಹಾಲ್ ಸೇರಿಸಿ ಕರಗಿಸಿದರು. ಆ ದ್ರಾವಕವೇ ಕೆಲವರಿಗೆ ಒಗ್ಗದು. ಮೈ ಕೆಂಪೇರುತ್ತದೆ, ಉಸಿರು ಕಟ್ಟುತ್ತದೆ, ಬಿ.ಪಿ. ಇಳಿಯುತ್ತದೆ. ಕೀಮೋಗೆ ಮುಂಚೆ ಸ್ಟೀರಾಯ್ಡ್, ಅಲರ್ಜಿಯ ಇಂಜೆಕ್ಷನ್ ಕೊಡುವುದು, ಡ್ರಿಪ್ಪನ್ನು ಮೂರು ಗಂಟೆ ನಿಧಾನಕ್ಕೆ ಬಿಡುವುದು ಇದಕ್ಕೇ.

2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಹೊಸ ರೂಪದಲ್ಲಿ ಹರಳೆಣ್ಣೆಯ ಸುದ್ದಿಯೇ ಇಲ್ಲ. ನಮ್ಮ ರಕ್ತದಲ್ಲಿ ಹೇಗೂ ಇರುವ ಆಲ್ಬುಮಿನ್ ಎಂಬ ಪ್ರೋಟೀನಿಗೆ ಔಷಧವನ್ನು ಕೂಡಿಸಿ ಸುಮಾರು 130 ನ್ಯಾನೋಮೀಟರ್ ಗಾತ್ರದ ಕಣ ಮಾಡಿದರು. ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರ್ ಎಂದರೆ ಅಂದಾಜು ಸಿಕ್ಕೀತು. ಡ್ರಿಪ್ ಅರ್ಧ ಗಂಟೆಗೆ ಇಳಿಯಿತು, ಮುಂಚಿನ ಸ್ಟೀರಾಯ್ಡ್ ಬಹುಮಟ್ಟಿಗೆ ಬೇಡವಾಯಿತು.

ನಮ್ಮ ಅಧ್ಯಾಪಕಿ ಹಿಡಿದಿರುವುದು ಅದರ ಮುಂದಿನ ದಾರಿ. ಆಲ್ಬುಮಿನ್ ಕಣದ ಹೊರಮೈಗೆ ಅವರು ಫೋಲಿಕ್ ಆಮ್ಲ ಅಂಟಿಸುತ್ತಾರೆ. ಬಸುರಿಯರಿಗೆ ಆಸ್ಪತ್ರೆಯಲ್ಲಿ ಕೊಡುವ ಮಾತ್ರೆಯಲ್ಲಿರುವುದೂ ಇದೇ. ಅಂಡಾಶಯದ ಕ್ಯಾನ್ಸರಿನ ಬಹುಪಾಲು ಗಡ್ಡೆಗಳ ಕೋಶಗಳ ಮೇಲೆ ಈ ಫೋಲಿಕ್ ಆಮ್ಲವನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಹೇರಳವಾಗಿರುತ್ತವೆ. ಆ ಆಸೆಗೆ ಕಣವನ್ನೂ ಒಳಗೆ ಬಿಟ್ಟುಕೊಳ್ಳಲಿ ಎಂಬುದು ಲೆಕ್ಕಾಚಾರ. ಯೋಚನೆ ಹೊಸದೇನಲ್ಲ, ಜಗತ್ತಿನ ಹಲವೆಡೆ ಇದರ ಮೇಲೆ ಕೆಲಸ ನಡೆದಿದೆ. ಎಷ್ಟು ಅಂಟಿಸಿದರೆ ಸಾಕು, ಪ್ರತಿ ಸಲವೂ ಒಂದೇ ಗಾತ್ರದ ಕಣ ಬರುವಂತೆ ಮಾಡುವುದು ಹೇಗೆ ಎಂಬಲ್ಲೇ ಕಷ್ಟವಿರುವುದು.

ಒಮ್ಮೆ ಅವರ ಬೆಂಚಿನ ಪಕ್ಕ ನಿಂತು ನೋಡಿ. ಬೀಕರಿನಲ್ಲಿ ತಿಳಿ ಆಲ್ಬುಮಿನ್ ದ್ರಾವಣ ಗರಗರ ತಿರುಗುತ್ತಿರುತ್ತದೆ, ಅದಕ್ಕೆ ಎಥನಾಲ್ ಹನಿ ಹನಿಯಾಗಿ ಬೀಳುತ್ತದೆ. ಯಾವುದೋ ಒಂದು ಹನಿಗೆ ತಿಳಿಯಾಗಿದ್ದದ್ದು ಮಬ್ಬಾಗಿ, ನಸುನೀಲಿ ಬೆರೆತ ಹಾಲುಬಿಳುಪಿಗೆ ತಿರುಗುತ್ತದೆ. ಕಣ ಕಟ್ಟಿತು ಎಂದರ್ಥ. ಆದರೆ ಗಾತ್ರ ಎಷ್ಟು? ಲೇಸರ್ ಹಾಯಿಸಿ ಅಳೆಯುವ ಯಂತ್ರ ನಮ್ಮಲ್ಲಿಲ್ಲ. ಸೀಸೆಗಳನ್ನು ಐಸ್ ಡಬ್ಬಿಯಲ್ಲಿಟ್ಟುಕೊಂಡು ವಿದ್ಯಾರ್ಥಿಗಳು ಬಸ್ಸಿನಲ್ಲಿ ಬೇರೆ ಊರಿಗೆ ಒಯ್ಯುತ್ತಾರೆ. ಅಲ್ಲಿ ಸರದಿ ಬರುವ ಹೊತ್ತಿಗೆ ಎಷ್ಟೋ ಸಲ ಕಣಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿರುತ್ತವೆ. ಹಾಗೆ ದಪ್ಪಗಾದದ್ದನ್ನು ದೇಹದೊಳಗೆ ಬಿಟ್ಟರೆ ಯಕೃತ್ತು, ಗುಲ್ಮಗಳೇ ಹಿಡಿದುಹಾಕುತ್ತವೆ. ಆದ್ದರಿಂದ ಅಳತೆ ಇಲ್ಲಿಯೇ, ಆಗಿಂದಾಗ್ಗೆ ಆಗಬೇಕು. ಕಣಗಳನ್ನು ಪುಡಿಯಾಗಿ ಒಣಗಿಸಿಡಲು ಫ್ರೀಜ್ ಡ್ರೈಯರ್ ಸಹ ಬೇಕು.

ಒಂದು ಮಾತನ್ನು ಮುಚ್ಚಿಡಬಾರದು. ನ್ಯಾನೋ ಎಂದೊಡನೆ ಕ್ಯಾನ್ಸರ್ ಮಾಯ ಎಂದು ವಾಟ್ಸಾಪಿನಲ್ಲಿ ಬರುವುದನ್ನು ನಂಬಬೇಡಿ. ಟೊರಾಂಟೊದ ಸಂಶೋಧಕರು ಅದಕ್ಕೂ ಹಿಂದಿನ ಹತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು 2016ರಲ್ಲಿ ಲೆಕ್ಕ ಹಾಕಿದಾಗ, ಪ್ರಾಣಿಗಳಿಗೆ ಕೊಟ್ಟ ನ್ಯಾನೋ ಕಣಗಳಲ್ಲಿ ಗಡ್ಡೆ ಮುಟ್ಟಿದ್ದು ಮಧ್ಯಾಂಕದ (ಎಲ್ಲ ಫಲಿತಾಂಶಗಳನ್ನು ಸಾಲಾಗಿಟ್ಟಾಗ ನಟ್ಟನಡುವೆ ಬರುವ ಸಂಖ್ಯೆಯ) ಪ್ರಕಾರ ಶೇ. 0.7 ಮಾತ್ರ. ನಿಮ್ಮ ದೇಣಿಗೆಯಿಂದ ಈ ವರ್ಷ ಯಾವ ರೋಗಿಯೂ ಗುಣವಾಗುವುದಿಲ್ಲ. ಮೊದಲು 96 ಗುಂಡಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಪರೀಕ್ಷೆ. ಹಳದಿ ಬಣ್ಣದ ರಾಸಾಯನಿಕ ಹಾಕಿದರೆ ಕೋಶ ಬದುಕಿರುವ ಗುಂಡಿ ನೇರಳೆಯಾಗುತ್ತದೆ, ಸತ್ತಿದ್ದರೆ ಹಳದಿಯಾಗಿಯೇ ಉಳಿಯುತ್ತದೆ. ಅದು ದಾಟಿದರೆ, ನೈತಿಕ ಸಮಿತಿ ಒಪ್ಪಿದರೆ, ಇಲಿಗಳ ಮೇಲೆ. ಮನುಷ್ಯರ ಮಾತು ಬಹಳ ಮುಂದಿನದು. ಚಿಕಿತ್ಸೆಯಲ್ಲಿರುವವರು ಇದಕ್ಕಾಗಿ ಕಾಯದೆ ನಿಮ್ಮ ವೈದ್ಯರು ಹೇಳಿದ್ದನ್ನೇ ನಡೆಸಿಕೊಂಡು ಹೋಗಿ. ಮನೆಯಲ್ಲಿ ರೋಗಿಯಿದ್ದು ಕೈ ಬಿಗಿಯಾಗಿರುವವರು ದಯವಿಟ್ಟು ಒಂದು ರೂಪಾಯಿಯನ್ನೂ ಕಳಿಸಬೇಡಿ.

ಉಳಿದವರಲ್ಲಿ ನಮ್ಮ ಕೋರಿಕೆ ಇಷ್ಟು. ಎರಡೂ ಯಂತ್ರ ಸೇರಿ ಗುರಿ 45 ಲಕ್ಷ ರೂಪಾಯಿ. ಪೂರ್ತಿ ಕೂಡದಿದ್ದರೆ ಮೊದಲು ಅಳತೆಯ ಯಂತ್ರ, ಡ್ರೈಯರ್ ಆಮೇಲೆ. ಸಂಬಳಕ್ಕಾಗಲಿ ಪ್ರಯಾಣಕ್ಕಾಗಲಿ ಈ ನಿಧಿಯಿಂದ ಚಿಕ್ಕಾಸೂ ಹೋಗುವುದಿಲ್ಲ. ಖರೀದಿಯ ಬಿಲ್ಲುಗಳನ್ನು ಕಾಲೇಜಿನ ನೋಟಿಸ್ ಬೋರ್ಡಿಗೆ ಹಾಕುತ್ತೇವೆ. ಚೆಕ್, ಡಿ.ಡಿ. ಅಥವಾ ಯುಪಿಐ ಮೂಲಕ ಕೊಡಬಹುದು. ನಗದಾದರೆ ಕಚೇರಿಯಲ್ಲಿ ರಸೀದಿ ಕೇಳಿ ಪಡೆಯಿರಿ, ಆದರೆ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ತೆರಿಗೆ ವಿನಾಯಿತಿ ಸಿಗದು. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೂ ಸಿಗುವುದಿಲ್ಲ, ಆಮೇಲೆ ನಮ್ಮನ್ನು ಬೈಯಬೇಡಿ. ಪ್ರಯೋಗಾಲಯ ನೋಡಬೇಕೆನ್ನುವವರು ಮೊದಲೇ ಫೋನ್ ಮಾಡಿ ಬನ್ನಿ, ಅಧ್ಯಾಪಕಿಯವರೇ ತೋರಿಸುತ್ತಾರೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಟ್ರಸ್ಟ್ ಪರವಾಗಿ