ಜಿಗಿಹುಳು ಮಾದರಿ ಕಳಿಸುವ ಮುನ್ನ ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ.

ತೋಟದಲ್ಲಿ ಜಿಗಿಹುಳು ಹಿಡಿದಿಟ್ಟಿರುವವರು ಮಾದರಿಗಳನ್ನು ಈ ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಮಾಮೂಲಿ ಜಾಗಕ್ಕೆ ತನ್ನಿ. ಹೊಸ ಪ್ರಭೇದ ಇರಬಹುದು ಎಂಬ ಉತ್ಸಾಹ ನನಗೂ ಇದೆ. ಆದರೆ ಫೋಟೊ ನೋಡಿ ಅದನ್ನು ಹೇಳಲಾಗದು. ಎಷ್ಟೋ ಜಿಗಿಹುಳುಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ. ಗಂಡು ಹುಳುವಿನ ಜನನಾಂಗವನ್ನು ಬಿಡಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೇನೇ ವ್ಯತ್ಯಾಸ ಗೊತ್ತಾಗುವುದು. ಹಾಗಾಗಿ ಒಂದೇ ಹುಳು ಸಾಲದು, ಸಾಧ್ಯವಾದರೆ ಗಂಡು, ಹೆಣ್ಣು ಎರಡೂ ಇರಲಿ.

ಹುಳುಗಳನ್ನು 95% ಆಲ್ಕೋಹಾಲಿನಲ್ಲಿ ಇಡಿ, ಡಿಎನ್‌ಎ ಕೆಡುವುದಿಲ್ಲ. ಶೀಶೆಯೊಳಗೇ ಪೆನ್ಸಿಲಿನಲ್ಲಿ ಬರೆದ ಚೀಟಿ ಹಾಕಿ: ಊರು, ಜಿಪಿಎಸ್, ದಿನಾಂಕ, ಹಿಡಿದವರ ಹೆಸರು, ಗಿಡ. ಚೀಟಿ ಇಲ್ಲದ ಹುಳು ಸುಮ್ನೆ ವ್ಯರ್ಥ.

ಗಿಡದ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಹುಳು ಎಲೆ ಮೇಲೆ ಕೂತಿತ್ತು ಅಂದ ಮಾತ್ರಕ್ಕೆ ಅದೇ ಅದರ ಆಹಾರ ಅಂತಲ್ಲ. ರೆಕ್ಕೆ ಬರದ ಮರಿಗಳು ಅದೇ ಗಿಡದಲ್ಲಿ ರಸ ಹೀರುತ್ತಿದ್ದರೆ ಪುರಾವೆ ಗಟ್ಟಿ. ಗಿಡದ ಒಂದು ಕೊಂಬೆಯನ್ನೂ ಕಾಗದದ ನಡುವೆ ಒತ್ತಿ ತನ್ನಿ.

ನಿಜಕ್ಕೂ ಹೊಸದಾದರೆ ಒಂದು ಹುಳುವನ್ನು ಹೋಲೋಟೈಪ್ (ಆ ಪ್ರಭೇದದ ಹೆಸರಿಗೆ ಆಧಾರವಾಗುವ ಮೂಲ ಮಾದರಿ) ಎಂದು ಗುರುತಿಸಿ, ವಿವರಣೆ ಪ್ರಕಟಿಸಬೇಕು. 2002ರ ಜೀವವೈವಿಧ್ಯ ಕಾಯ್ದೆಯಂತೆ ಮಾದರಿಯನ್ನು ಸರ್ಕಾರ ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ಕೊಡಬೇಕು. ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಅನುಮತಿ ಇಲ್ಲದೆ ಕಾಡಿನಲ್ಲಿ ಹಿಡಿಯಲೇಬೇಡಿ.

ಯಾರು ಬರುತ್ತೀರಿ, ಯಾವ ಗಿಡದ ಹುಳು ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಆಲ್ಕೋಹಾಲ್ ಸಿಗದವರೂ ಹೇಳಿ, ಕೊಡುತ್ತೇನೆ.