ನಮ್ಮ ಮಾತು ಕಲಬೆರಕೆ ಅಲ್ಲ

ಮಾನ್ಯರೇ,

ಮೊನ್ನೆ ಸಮಾರಂಭವೊಂದರಲ್ಲಿ ಭಾಷಣಕಾರರೊಬ್ಬರು ಹುಬ್ಬಳ್ಳಿ-ಧಾರವಾಡದ ಆಡುಮಾತನ್ನು ‘ಕಲಬೆರಕೆ ಕನ್ನಡ’ ಎಂದರು. ಕೇಳಿ ಬಹಳ ನೋವಾಯಿತು.

ಕಲಬೆರಕೆ ಎಂದರೆ ಬರೀ ಕೂಡಿಸುವುದಲ್ಲ. ಲಾಭದಾಸೆಗೆ ಕೀಳು ಸರಕು ಸೇರಿಸಿ, ಒಳ್ಳೆಯದರ ಗುಣ ಕೆಡಿಸಿ, ಅಸಲಿ ಎಂದು ಮಾರುವುದು. ಬ್ಯಾಡಗಿ ಮೆಣಸಿನಕಾಯಿಯ ಹೆಸರು ಹೇಳಿ ಬೇರೆ ಕಾಯಿ ಕುಟ್ಟಿ, ಬಣ್ಣ ಕಲಸಿ ಕೊಟ್ಟರೆ ಅದು ಕಲಬೆರಕೆ. ಕಳೆದ ವರ್ಷ ಸಂತೆಯಲ್ಲಿ ಕೊಂಡ ಅಂಥ ಖಾರಪುಡಿಯನ್ನು ಒಂದು ಗ್ಲಾಸು ನೀರಿಗೆ ಉದುರಿಸಿದೆ. ಪುಡಿ ಮೇಲೆ ತೇಲುತ್ತಿರುವಾಗಲೇ ಕೆಂಪು ಬಣ್ಣ ಗೆರೆಗೆರೆಯಾಗಿ ಕೆಳಗಿಳಿಯಿತು. ಅಡುಗೆಮನೆಯಲ್ಲಿ ನಿಂತು ನೋಡಿ ಹೊಟ್ಟೆ ತೊಳಸಿತು.

ನಾವು ‘ಪಗಾರ’, ‘ದವಾಖಾನಿ’, ‘ಖುರ್ಚಿ’ ಅನ್ನುವುದರಲ್ಲಿ ಅಂಥ ಮೋಸ ಎಲ್ಲಿದೆ? 1956ರವರೆಗೆ ಮುಂಬೈ ಆಡಳಿತದಲ್ಲಿದ್ದ ನಾಡಿದು. ಮರಾಠಿ, ಉರ್ದು ನೆರೆಯವರ ಮಾತು ಮನೆಯೊಳಗೆ ಬಂತು. ಪಗಾರವಂತೂ ಪೋರ್ಚುಗೀಸರಿಂದ ಬಂದದ್ದು. ‘ಪಗಾರದಾಗ ಸಂಸಾರ ಸಾಗವಲ್ದು’ ಅನ್ನುವ ತಾಯಿಯ ಬಾಯಲ್ಲಿ ಅದು ಅಚ್ಚ ಕನ್ನಡವೇ. ಇದಕ್ಕೆ ಬೆರಕೆ ಅನ್ನಿ, ಒಪ್ಪುತ್ತೇನೆ.

ಕಲಬೆರಕೆ ಎಂಬ ಶಬ್ದವನ್ನು ಹಾಲು, ಎಣ್ಣೆ, ಖಾರಪುಡಿ ಕೆಡಿಸುವವರಿಗೆ ಮೀಸಲಿಡಬೇಕೆಂದು ಪತ್ರಿಕೆಯವರಲ್ಲೂ ವಿನಂತಿ.

– ಓದುಗ, ಹುಬ್ಬಳ್ಳಿ