ನಳಿಗೆ ತೊಳೆಯುವ ದ್ರಾವಕದ ವಿಚಾರವಾಗಿ ಅಳಿಯನಿಗೆ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ರೈಫಲ್ಲಿನ ನಳಿಗೆಯನ್ನು ಶುಚಿ ಮಾಡಲು ಎಲ್ಲಕ್ಕಿಂತ ಒಳ್ಳೆಯ ದ್ರಾವಕ ಯಾವುದೆಂದು ಕೇಳಿ ನೀನು ಬರೆದ ಪತ್ರ ತಲುಪಿತು. ಒಂದು ಸೀಸೆಯ ಹೆಸರು ಹೇಳಿ ಮುಗಿಸಬಹುದಾದ ಪ್ರಶ್ನೆ ಇದಲ್ಲ. ಒಳಗೆ ಅಂಟಿರುವುದೇನೆಂದು ತಿಳಿಯದೆ ಅದನ್ನು ಬಿಡಿಸುವ ದ್ರವವನ್ನು ಆರಿಸಲಾಗದು. ಮಸಿಯನ್ನು ಸಡಿಲಿಸುವ ಎಣ್ಣೆ ತಾಮ್ರದ ತಂಟೆಗೆ ಹೋಗುವುದಿಲ್ಲ, ತಾಮ್ರವನ್ನು ಕರಗಿಸುವ ಅಮೋನಿಯಾ ಸೀಸವನ್ನು ಕದಲಿಸುವುದಿಲ್ಲ, ಉಪ್ಪಿನ ಅಂಶವಿದ್ದರಂತೂ ನೀರಿಗಿಂತ ಮಿಗಿಲಾದ ಮದ್ದಿಲ್ಲ.

ಕೆಲಸಕ್ಕೆ ಕೂರುವ ಮುನ್ನ ತೋಟಾಗಳೆಲ್ಲವನ್ನೂ ಬೇರೆ ಕೋಣೆಯಲ್ಲಿಟ್ಟು, ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟನ್ನು ಹೊರತೆಗೆದು, ತೋಟಾ ಕೂರುವ ಗೂಡು ಬರಿದಾಗಿದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸು. ಕಿಟಕಿ ತೆರೆದಿರಲಿ, ಕೈಗೆ ನೈಟ್ರೈಲ್ ಗವಸು ಇರಲಿ. ಇದರಲ್ಲಿ ಚರ್ಚೆಗೆ ಎಡೆಯಿಲ್ಲ.

ತೋಟಾದೊಳಗಿನ ಸಿಡಿಮದ್ದು ಉರಿದು ಉಳಿದ ಮಸಿ ಎಲ್ಲಕ್ಕಿಂತ ಮೇಲಿನ ಪದರವಾದ್ದರಿಂದ ಮೊದಲು ತೆಗೆಯಬೇಕಾದದ್ದು ಅದನ್ನೇ. ಇದಕ್ಕೆ 1903ರಿಂದ ಮಾರಾಟದಲ್ಲಿರುವ ಹಾಪ್ಪೀಸ್ ನಂಬರ್ 9ರಂಥ ಸಾಮಾನ್ಯ ದ್ರಾವಕ ಸಾಕು; ಅದಿಲ್ಲದಿದ್ದರೆ ಸೀಮೆಎಣ್ಣೆಯೂ ತಕ್ಕಮಟ್ಟಿಗೆ ನಡೆಯುತ್ತದೆ. ಪೆಟ್ರೋಲನ್ನು ಮಾತ್ರ ಎಂದಿಗೂ ಬಳಸಬೇಡ, ಅದರ ಆವಿ ದೂರದ ಕಿಡಿಗೂ ಹೊತ್ತಿಕೊಳ್ಳುತ್ತದೆ. ನೆನೆಸಿದ ಬಟ್ಟೆಯ ತುಂಡನ್ನು ಎರಡು ಮೂರು ಬಾರಿ ನೂಕಿ, ಹತ್ತು ನಿಮಿಷ ಬಿಟ್ಟು, ಕಂಚಿನ ಬ್ರಶ್ ಆಡಿಸಿ, ಒಣಬಟ್ಟೆಯಿಂದ ಒರೆಸು. ತೋಟಾಗೂಡಿನ ಮುಂದೆ, ಗುಂಡನ್ನು ಗಿರ್ರನೆ ತಿರುಗಿಸುವ ಸುರುಳಿ ಗೆರೆಗಳು ಆರಂಭವಾಗುವೆಡೆಯಲ್ಲಿ ಮಸಿ ಉಂಗುರದಂತೆ ಗಟ್ಟಿಯಾಗಿ ಕಟ್ಟಿರುವುದುಂಟು. ಅಲ್ಲಿ ದ್ರಾವಕ ಹೆಚ್ಚು ಹೊತ್ತು ನೆನೆಯಬೇಕು. ಉಜ್ಜುವ ಪೇಸ್ಟು ಅಂಥ ಕಡೆಗೆ, ಅದೂ ಬೇರೆಲ್ಲ ಸೋತ ಮೇಲೆ. ಕಿಟ್ಟವನ್ನು ಸವೆಸುವ ಪದಾರ್ಥ ಉಕ್ಕನ್ನೂ ಸವೆಸುತ್ತದೆ ಎಂಬುದು ನೆನಪಿರಲಿ.

ಹೆಚ್ಚು ಜನ ಮೋಸಹೋಗುವುದು ತಾಮ್ರದ ವಿಷಯದಲ್ಲಿ. ಗುಂಡಿನ ಹೊರಕವಚದಲ್ಲಿ ಸಾಮಾನ್ಯವಾಗಿ ಶೇಕಡಾ 90ರಿಂದ 95ರಷ್ಟು ತಾಮ್ರವೂ ಉಳಿದಂತೆ ಸತುವೂ ಇರುತ್ತವೆ, ಮತ್ತು ಗುಂಡು ಸುರುಳಿ ಗೆರೆಗಳನ್ನು ಉಜ್ಜಿಕೊಂಡು ಹೋಗುವಾಗ ಆ ಲೋಹದ ತೆಳುಪದರ ಅಲ್ಲಿಯೇ ಉಳಿಯುತ್ತದೆ. ಬೆಳಕು ಬಿಟ್ಟು ನಳಿಗೆಯ ಮುಂತುದಿಯಾದ ಮೂತಿಯ ಒಳಗೆ ನೋಡಿದರೆ ಗೆರೆಗಳ ಮೇಲೆ ಕೆಂಬಣ್ಣದ ಪಟ್ಟೆಗಳಾಗಿ ಕಾಣುವುದು ಅದೇ. ಅಮೋನಿಯಾ ಇರುವ ದ್ರಾವಕವು ಗಾಳಿಯ ಆಮ್ಲಜನಕದ ನೆರವಿನಿಂದ ಅದನ್ನು ಕರಗಿಸುತ್ತದೆ; ಕರಗಿದ ತಾಮ್ರ ಬಟ್ಟೆಯ ಮೇಲೆ ನೀಲಿಯಾಗಿ ಮೂಡುತ್ತದೆ. ಆದರೆ ಕಂಚಿನ ಬ್ರಶ್ಶಿನಲ್ಲಿಯೂ, ಬಟ್ಟೆಯನ್ನು ಹಿಡಿಯುವ ಹಿತ್ತಾಳೆಯ ತುದಿಯಲ್ಲಿಯೂ ಇರುವುದು ತಾಮ್ರವೇ ತಾನೆ! ಅವನ್ನು ಈ ದ್ರಾವಕದೊಡನೆ ಬಳಸಿದರೆ ಅವೂ ಕರಗಿ ಬಟ್ಟೆ ನೀಲಿಯಾಗುತ್ತಲೇ ಇರುತ್ತದೆ, ನೀನು ಶುಚಿಯಾಗಿರುವ ನಳಿಗೆಯನ್ನು ಸಂಜೆಯವರೆಗೂ ತೊಳೆಯುತ್ತಲೇ ಇರುತ್ತೀಯೆ. ಆದ್ದರಿಂದ ಈ ಹಂತಕ್ಕೆ ನೈಲಾನ್ ಬ್ರಶ್ಶನ್ನೂ, ತಾಮ್ರ ಸೇರದ ತುದಿಯನ್ನೂ ಬೇರೆಯಾಗಿಯೇ ಇಟ್ಟುಕೊ. ಸೀಸೆಯ ಮೇಲೆ ಬರೆದ ಅವಧಿಯನ್ನು ಮೀರಿ ಪ್ರಬಲ ಅಮೋನಿಯಾವನ್ನು ನಳಿಗೆಯಲ್ಲಿ ಬಿಡಬೇಡ, ರಾತ್ರಿಯಿಡೀ ನೆನೆಯಲಿ ಎಂಬ ಆಸೆ ಬೇಡ. ನಿಕಲ್ ಲೇಪದ ಭಾಗಗಳಿಗೂ ಅದನ್ನು ತಾಗಿಸಬೇಡ. ಬ್ಲೀಚಿನ ಹತ್ತಿರವಂತೂ ಅದು ಸುಳಿಯಲೇಬಾರದು, ಎರಡೂ ಬೆರೆತರೆ ವಿಷಾನಿಲ ಏಳುತ್ತದೆ. ಅಮೋನಿಯಾ ಇಲ್ಲದ ತಾಮ್ರನಿವಾರಕಗಳೂ, ನೊರೆಯ ರೂಪದವೂ ಸಿಗುತ್ತವೆ. ಅವು ಹಲವು ವೇಳೆ ನಿಧಾನ. ಆದರೂ ಮನೆಯೊಳಗೆ ಕೆಲಸ ಮಾಡುವ ಹೊಸಬನಿಗೆ ನಾನು ಸೂಚಿಸುವುದು ಅವನ್ನೇ.

ಕವಚವಿಲ್ಲದ ಸೀಸದ ಗುಂಡು ಹಾರಿಸುವ .22 ರಿಮ್‌ಫೈರ್ ರೈಫಲ್ ನಿನ್ನದಾದರೆ ಇಷ್ಟು ಹೊತ್ತು ಹೇಳಿದ ತಾಮ್ರದ ಕಥೆ ನಿನಗೆ ಬೇಡ. ಸೀಸವನ್ನು ದ್ರಾವಕಕ್ಕಿಂತ ಬ್ರಶ್ಶೇ ತೆಗೆಯಬೇಕು; ಎಣ್ಣೆ ಅದರ ಅಡಿಗೆ ನುಸುಳಿ ಹಿಡಿತವನ್ನು ಸಡಿಲಿಸಬಲ್ಲದು ಅಷ್ಟೆ. ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಸುರಿದರೆ ಸೀಸ ಕ್ಷಣದಲ್ಲಿ ಕರಗುತ್ತದೆಂದು ಯಾರಾದರೂ ಹೇಳಿದರೆ, ಕರಗುವುದು ನಿಜವೇ. ಕರಗಿದ ಮೇಲೆ ಅಲ್ಲಿ ಉಂಟಾಗುವುದು ನೀರಿನಲ್ಲಿ ಸುಲಭವಾಗಿ ಬೆರೆಯುವ ಸೀಸದ ಅಸಿಟೇಟ್ ಎಂಬ ವಿಷ, ಜೊತೆಗೆ ಉಕ್ಕಿಗೂ ಹಾನಿ. ಆ ಉಪಾಯದ ಗೊಡವೆಗೆ ಹೋಗಬೇಡ.

ಇನ್ನು ಉಪ್ಪು. ಹಳೆಯ ಸೇನಾ ತೋಟಾಗಳಲ್ಲಿ ಅನೇಕಕ್ಕೆ ಪೊಟ್ಯಾಸಿಯಮ್ ಕ್ಲೋರೇಟ್ ಇರುವ ಪ್ರೈಮರ್, ಅಂದರೆ ಸಿಡಿಮದ್ದಿಗೆ ಕಿಡಿ ಕೊಡುವ ಭಾಗ, ಇರುತ್ತದೆ. ಅದು ಉರಿದಾಗ ಉಳಿಯುವ ಪೊಟ್ಯಾಸಿಯಮ್ ಕ್ಲೋರೈಡ್ ನಮ್ಮ ಅಡುಗೆ ಉಪ್ಪಿನ ಒಡಹುಟ್ಟು, ಗಾಳಿಯ ತೇವವನ್ನು ಹೀರಿಕೊಂಡು ಬೇಗನೆ ತುಕ್ಕು ಹಿಡಿಸುತ್ತದೆ. ಅದರ ಮೇಲೆ ಎಣ್ಣೆ ಬಳಿದರೆ ಉಪ್ಪನ್ನು ಒಳಗೆ ಮುಚ್ಚಿಟ್ಟಂತಾಯಿತೇ ಹೊರತು ತೆಗೆದಂತಾಗಲಿಲ್ಲ. ಬ್ರಿಟಿಷ್ ಸೈನಿಕರು .303 ರೈಫಲ್ಲಿನ ನಳಿಗೆಗೆ ಆಲಿಕೆಯಿಟ್ಟು ಕುದಿನೀರು ಹೊಯ್ಯುತ್ತಿದ್ದುದು ಇದೇ ಕಾರಣಕ್ಕೆ. ಕುದಿನೀರಿನಿಂದ ಇನ್ನೊಂದು ಲಾಭವೆಂದರೆ ಲೋಹ ಬಿಸಿಯೇರಿ ತಾನೇ ಬೇಗ ಒಣಗುತ್ತದೆ. ಕರಿಮದ್ದಿನ ಕೋವಿಗೂ ಇದೇ ಕ್ರಮ, ಬೇಕಾದರೆ ತುಸು ಸಾಬೂನು ಸೇರಿಸು. ಹಾರಿಸಿದ ದಿನವೇ ಇದನ್ನು ಮಾಡಿ, ಪೂರ್ತಿ ಒಣಗಿಸಿ, ಕೂಡಲೇ ಎಣ್ಣೆ ಸವರಬೇಕು.

ದ್ರಾವಕದ ಬಗ್ಗೆ ಇಷ್ಟು ವಿಚಾರಿಸುವ ನೀನು ಬಟ್ಟೆಯನ್ನೂ ಬ್ರಶ್ಶನ್ನೂ ನೂಕುವ ಸಲಾಕೆಯ ಬಗ್ಗೆ ಒಂದು ಮಾತೂ ಕೇಳಿಲ್ಲವೆಂಬುದು ನನಗೆ ಸ್ವಲ್ಪ ಅಚ್ಚರಿ. ತಪ್ಪು ದ್ರಾವಕಕ್ಕಿಂತ ಒರಟಾಗಿ ಆಡಿಸಿದ ಸಲಾಕೆಯಿಂದಲೇ ಹೆಚ್ಚು ನಳಿಗೆಗಳು ಕೆಟ್ಟಿವೆಯೆಂಬುದು ನನ್ನ ಖಚಿತ ಅಭಿಪ್ರಾಯ. ತುಂಡು ತುಂಡಾಗಿ ಜೋಡಿಸುವ ಸಲಾಕೆಯ ಕೀಲುಗಳು ಬಾಗಿ ಗೆರೆಗಳನ್ನು ಉಜ್ಜುತ್ತವೆ. ಲೇಪವಿರುವ, ಅಥವಾ ನಯವಾದ ಉಕ್ಕಿನ, ಹಿಡಿಯ ಬಳಿ ತಾನೇ ತಿರುಗುವ ಒಂಟಿ ಸಲಾಕೆಯನ್ನೇ ಕೊಳ್ಳು. ಬೋಲ್ಟ್ ಇದ್ದ ಜಾಗದಲ್ಲಿ ಸಲಾಕೆಯನ್ನು ನೇರವಾಗಿ ಒಳಬಿಡುವ ಬೋರ್ ಗೈಡ್ ಎಂಬ ಕೊಳವೆಯನ್ನು ಕೂರಿಸಿ, ಹಿಂದಿನಿಂದ ಮೂತಿಯ ಕಡೆಗೆ ನೂಕು. ಗುಂಡು ನಳಿಗೆಯನ್ನು ಕಡೆಯದಾಗಿ ಮುಟ್ಟುವುದು ಮೂತಿಯ ಅಂಚನ್ನು. ಅದು ಒಂದು ಪಕ್ಕಕ್ಕೆ ಸವೆದರೆ ಗುರಿ ಚೆದರುತ್ತದೆ. ಹಿಂದಿನಿಂದ ಸಲಾಕೆ ಹೋಗದ ರಚನೆಯಾದರೆ ಹುರಿಯಿಂದ ಎಳೆಯುವ ಸಾಧನವನ್ನು ಬಳಸು, ಇಲ್ಲವೆ ಮೂತಿಗೆ ರಕ್ಷಕ ಬಿಲ್ಲೆ ಕೂರಿಸಿಕೊ. ಬ್ರಶ್ಶನ್ನು ನಡುದಾರಿಯಲ್ಲಿ ಹಿಂದಕ್ಕೆ ತಿರುಗಿಸದೆ ಪೂರ್ತಿ ಹೊರಬರುವಂತೆ ನೂಕಬೇಕು. ಮೂತಿ ತುಸು ಕೆಳಗಿದ್ದರೆ ಕೊಳಕು ದ್ರಾವಕ ಹಿಂದಕ್ಕೆ ಹರಿದು ಕೋವಿಯ ಕುದುರೆಯ (ಟ್ರಿಗರ್) ಭಾಗದೊಳಗೂ ಮರದ ಹಿಡಿಯ ಮೆರುಗಿನ ಮೇಲೂ ಇಳಿಯದು.

ಎಲ್ಲ ಮುಗಿದ ಮೇಲೆ ದ್ರಾವಕದ ಸುಳಿವೂ ಉಳಿಯದಂತೆ ಒರೆಸಿ, ತೆಳ್ಳಗೆ ರಕ್ಷಕ ಎಣ್ಣೆ ಸವರಿಡು. ಡಬ್ಲ್ಯೂಡಿ-40 ಎಂಬ ಸಿಂಪಡಿಸುವ ದ್ರವ ತೇವವನ್ನು ಓಡಿಸಲು ಸರಿ, ನಳಿಗೆಯನ್ನು ತಿಂಗಳುಗಟ್ಟಲೆ ತುಕ್ಕಿನಿಂದ ಕಾಪಾಡಲು ಅದನ್ನು ನೆಚ್ಚಬೇಡ. ಮತ್ತೆ ಹಾರಿಸುವ ಮುನ್ನ ಒಣಬಟ್ಟೆ ನೂಕಿ ಎಣ್ಣೆಯನ್ನು ತೆಗೆಯದಿದ್ದರೆ ಮೊದಲ ಗುಂಡು ಬೇರೆಡೆ ಬೀಳಬಹುದು. ನಳಿಗೆಯಲ್ಲಿ ಹೆಚ್ಚು ಎಣ್ಣೆ ನಿಂತಿದ್ದರೆ ಒತ್ತಡ ಏರುವ ಅಪಾಯವೂ ಇದೆ. ಬಳಸಿದ ಬಟ್ಟೆಗಳನ್ನು ಮುಚ್ಚಳವಿರುವ ಲೋಹದ ಡಬ್ಬಿಗೆ ಹಾಕಿ, ಊಟಕ್ಕೆ ಮುನ್ನ ಕೈಗಳನ್ನು ಸಾಬೂನಿನಿಂದ ತೊಳೆ.

ತಾಮ್ರವನ್ನು ಎಷ್ಟು ದಿನಕ್ಕೊಮ್ಮೆ ತೆಗೆಯಬೇಕೆಂಬುದಕ್ಕೆ ಪ್ರತಿ ನಳಿಗೆಯ ಉತ್ತರವೂ ಬೇರೆ. ಪೂರ್ತಿ ತೊಳೆದ ನಳಿಗೆ ಕೆಲವು ಗುಂಡುಗಳಾದ ಮೇಲೆಯೇ ಮತ್ತೆ ಹದಕ್ಕೆ ಬರುವುದುಂಟು. ಆದಕಾರಣ ಮಸಿಯನ್ನು ಪ್ರತಿ ಬಾರಿ ತೆಗೆ. ತಾಮ್ರಕ್ಕೆ ಮಾತ್ರ ಗುರಿ ಚೆದರಲು ಆರಂಭಿಸಿದಾಗ ಕೈಹಾಕು. ನಿನ್ನ ರೈಫಲ್ ಯಾವ ತೋಟಾದ್ದು, ಬೋಲ್ಟ್ ಹಿಂದಿನಿಂದ ಕಳಚುತ್ತದೆಯೇ, ನಳಿಗೆಯ ಒಳಗೆ ಕ್ರೋಮ್ ಲೇಪವಿದೆಯೇ ಎಂಬುದನ್ನು ಮುಂದಿನ ಪತ್ರದಲ್ಲಿ ಬರೆ. ಸಲಾಕೆಯ ದಪ್ಪವನ್ನೂ ಉದ್ದವನ್ನೂ ಆಮೇಲೆ ತಿಳಿಸುತ್ತೇನೆ. ಅಲ್ಲಿಯವರೆಗೆ ಸೀಸೆ ಕೊಳ್ಳುವ ಅವಸರ ಬೇಡ. ನಿನ್ನ ಅತ್ತೆಯೂ ಆಶೀರ್ವಾದ ತಿಳಿಸಿದ್ದಾಳೆ.

ಇಂತು,
ನಿನ್ನ ಸೋದರಮಾವ